ವಿಭೂತಿ ಡಬ್ಬಿಯಲ್ಲಿದ್ದ ಮಾತ್ರೆ

ನಿವೃತ್ತಿಯಾಗಿ ಮೂರು ವರ್ಷ ಕಳೆದಿದೆ. ನನ್ನ ಫೋನಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ನಂಜನಗೂಡು, ಟಿ. ನರಸೀಪುರದ ಕಡೆ ಆರೋಗ್ಯ ವಿಮೆಯ ಕೆಲಸಕ್ಕೆ ಹೊಸದಾಗಿ ಇಳಿದವರು ಯಾರಾದರೊಬ್ಬರು ವಾರಕ್ಕೊಮ್ಮೆಯಾದರೂ ಕರೆ ಮಾಡುತ್ತಾರೆ. "ರತ್ನಕ್ಕ, ನಮ್ಮ ಕಡೆಯೋರೊಬ್ರು ಮುಂದಿನ ತಿಂಗಳು ರಿಟೈರ್ ಆಗ್ತಾವ್ರೆ. ಯಾವ ಪಾಲಿಸಿ ಹೇಳ್ಲಿ?" ನಾನು ಯಾವ ಪಾಲಿಸಿಯ ಹೆಸರನ್ನೂ ಹೇಳುವುದಿಲ್ಲ. "ಅವರ ಮಾತ್ರೆ ಡಬ್ಬಿ ನೋಡಿದ್ಯಾ?" ಎಂದು ಕೇಳುತ್ತೇನೆ. ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೇನೋ. ಅಂದುಕೊಳ್ಳಲಿ. ಈ ಡಬ್ಬಿಯ ವಿಷಯ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ತಪ್ಪು ಮಾಡಿ ಕಲಿತೆ, ಆ ತಪ್ಪಿನ ಬೆಲೆಯನ್ನು ಇನ್ನೊಬ್ಬರ ಮನೆಯವರು ತೆರಬೇಕಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ನಂಜನಗೂಡು ಶಾಖೆಯಲ್ಲಿ ಮನುಷ್ಯರಿಗಿಂತ ದನಗಳ ವಿಮೆಯೇ ಜಾಸ್ತಿ. ಹಸುವಿಗೆ ವಿಮೆ ಮಾಡಿಸಬೇಕಾದರೆ ಪಶುವೈದ್ಯರು ಬಂದು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಕೆಚ್ಚಲು ಮುಟ್ಟಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆಮೇಲೆ ಕಿವಿಗೆ ನಂಬರಿನ ಓಲೆ. ಮನುಷ್ಯರ ಆರೋಗ್ಯ ವಿಮೆ ನಮ್ಮ ಕಡೆಗೆ ಬಂದಾಗ ಅಷ್ಟು ತಲೆ ಕೆಡಿಸಿಕೊಂಡವರು ಯಾರೂ ಇಲ್ಲ. ವಯಸ್ಸಾದವರಿಗೆ ಒಂದು ರಕ್ತಪರೀಕ್ಷೆ, ಒಂದು ಇಸಿಜಿ, ಅದೂ ಶಾಸ್ತ್ರಕ್ಕೆ. ಮಿಕ್ಕಿದ್ದೆಲ್ಲ ಫಾರಂ. ಚಿಕ್ಕಯ್ಯನಛತ್ರದ ಒಂದು ಹಸುವಿಗೆ ಸಿಕ್ಕ ಮರ್ಯಾದೆ ಅದರ ಯಜಮಾನನಿಗೆ ನಮ್ಮ ಕಚೇರಿಯಲ್ಲಿ ಸಿಗಲಿಲ್ಲ ಎಂದು ನಾನು ಈಗಲೂ ನಗಾಡುತ್ತೇನೆ. ನಗುವ ವಿಷಯವಲ್ಲ ಅನ್ನುವುದೂ ನನಗೆ ಗೊತ್ತು.

ಆಗ ನಮ್ಮ ಮ್ಯಾನೇಜರು ಶ್ರೀನಿವಾಸಯ್ಯ. ಒಳ್ಳೆಯ ಮನುಷ್ಯ, ಭಯಸ್ಥ. ಮೈಸೂರಿನ ಕಚೇರಿಯಿಂದ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು. ಅವರು ನನಗೆ ಕಲಿಸಿದ ಮೊದಲ ಪಾಠ ಇದು: "ನೋಡಮ್ಮ ರತ್ನ, ಫಾರಂನಲ್ಲಿ ಒಂದು ಖಾನೆ ಖಾಲಿ ಇದ್ರೂ ವಾಪಸ್ ಬರುತ್ತೆ. ಖಾಲಿ ಬಿಡಬೇಡ." ಕಾಯಿಲೆಗಳ ಖಾನೆಗಳೋ ಹದಿನೈದು ಇಪ್ಪತ್ತು ಇರುತ್ತಿದ್ದವು. ಎದುರಿಗೆ ಕೂತವರನ್ನು "ಏನಾದ್ರೂ ಕಾಯಿಲೆ ಇದ್ಯಾ?" ಎಂದು ಒಂದು ಸಾರಿ ಕೇಳುವುದು, "ಇಲ್ಲ" ಅಂದರೆ ಮೇಲಿನಿಂದ ಕೆಳಗೆ ಇಲ್ಲ, ಇಲ್ಲ, ಇಲ್ಲ ಎಂದು ತುಂಬಿಬಿಡುವುದು. ಎದುರಿಗಿರುವವರು ಗಟ್ಟಿಮುಟ್ಟಾಗಿ ಕಂಡರೆ ಆ ಒಂದು ಸಾರಿಯೂ ಕೇಳುತ್ತಿರಲಿಲ್ಲ. ಕೈ ತಾನಾಗಿ ಓಡುತ್ತಿತ್ತು. ಇಡೀ ವಿಭಾಗದಲ್ಲಿ ನನ್ನಷ್ಟು ಬೇಗ ಫಾರಂ ತುಂಬುವವರು ಇಲ್ಲ ಎಂದು ಸಾಹೇಬರು ಹೊಗಳುತ್ತಿದ್ದರು. ನನಗೆ ಅದರ ಬಗ್ಗೆ ಜಂಬವೂ ಇತ್ತು.

ಗುರುಮಲ್ಲಪ್ಪ ಮೇಷ್ಟ್ರು ನಮ್ಮ ಕಚೇರಿಗೆ ಬಂದದ್ದು ಆ ಜಂಬದ ಕಾಲದಲ್ಲೇ. ಟಿ. ನರಸೀಪುರದವರು. ಮಠದ ಶಾಲೆಯಲ್ಲಿ ಓದಿ, ಮುಖ್ಯೋಪಾಧ್ಯಾಯರಾಗಿ ಆಗಷ್ಟೇ ನಿವೃತ್ತರಾಗಿದ್ದರು. ಬಿಳೀ ಪಂಚೆ, ಇಸ್ತ್ರಿ ಮಾಡಿದ ಜುಬ್ಬ, ಹಣೆಯಲ್ಲಿ ವಿಭೂತಿ. ಜೊತೆಯಲ್ಲಿ ಹೆಂಡತಿ ನೀಲಮ್ಮ. ಸೇವೆಯಲ್ಲಿದ್ದಷ್ಟು ದಿನ ಆಸ್ಪತ್ರೆ ಖರ್ಚನ್ನು ಇಲಾಖೆಯಿಂದ ಪಡೆಯಬಹುದಿತ್ತು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ಆ ಅನುಕೂಲವನ್ನು ವಾಪಸ್ ಇಸಿದುಕೊಂಡಿದ್ದರು. "ಇನ್ಮೇಲೆ ನಮಗೆ ನಾವೇ ಇಲಾಖೆ" ಎಂದು ಮೇಷ್ಟ್ರು ನಕ್ಕರು. ಇಬ್ಬರೂ ಲವಲವಿಕೆಯಿಂದ ಇದ್ದರು. ನಂಜುಂಡೇಶ್ವರನ ದರ್ಶನ ಮುಗಿಸಿಕೊಂಡು, ಕೈಯಲ್ಲಿ ಪ್ರಸಾದ ಹಿಡಿದುಕೊಂಡೇ ಬಂದಿದ್ದರು. ನನಗೂ ಒಂದು ಚೂರು ಕೊಟ್ಟರು. ನಾನು ಪ್ರಸಾದ ತಿನ್ನುತ್ತಾ ಫಾರಂ ತುಂಬಿದೆ. ಇಲ್ಲ, ಇಲ್ಲ, ಇಲ್ಲ. ಕೇಳಲೇ ಇಲ್ಲ. ಮೇಷ್ಟ್ರು ನನ್ನನ್ನು ನಂಬಿ ಓದದೆ ಸಹಿ ಹಾಕಿದರು. ಅಷ್ಟೊಂದು ಮಕ್ಕಳಿಗೆ ಓದಿಸಿದವರು ತಮ್ಮ ಫಾರಂ ಒಂದನ್ನು ಓದಲಿಲ್ಲ.

ನಾಲ್ಕು ವರ್ಷ ತಪ್ಪದೆ ಪಾಲಿಸಿ ನವೀಕರಿಸಿದರು. ಐದನೇ ವರ್ಷದ ನಡುವೆ ನೀಲಮ್ಮನವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಮೈಸೂರಿನ ಆಸ್ಪತ್ರೆಯಲ್ಲಿ ಹೃದಯದ ಕವಾಟ ಬದಲಾಯಿಸಬೇಕು, ಎರಡು ಮೂರು ತಿಂಗಳಿಗಿಂತ ಹೆಚ್ಚು ತಡ ಮಾಡುವ ಹಾಗಿಲ್ಲ ಎಂದರು. ಅಲ್ಲಿನ ಡಾಕ್ಟರು ಕಾಯಿಲೆ ಏನಿತ್ತು ಎಂದು ಕೇಳಲಿಲ್ಲವಂತೆ. "ಏನು ಮಾತ್ರೆ ತಗೋತಾ ಇದ್ದೀರಮ್ಮ?" ಎಂದರಂತೆ. ನೀಲಮ್ಮ ತೋರಿಸಿದರು. ಎಂಟು ವರ್ಷದಿಂದ ಹೃದಯದ ಮಾತ್ರೆ ಎಂದು ಆಸ್ಪತ್ರೆಯ ಕಾಗದದಲ್ಲಿ ದಾಖಲಾಯಿತು. ನಮ್ಮ ಕಂಪನಿಗೆ ಅಷ್ಟೇ ಸಾಕಾಗಿತ್ತು. ಎಂಟು ವರ್ಷದ ಕಾಯಿಲೆಯನ್ನು ನಾಲ್ಕೂವರೆ ವರ್ಷದ ಹಿಂದಿನ ಫಾರಂನಲ್ಲಿ ಬಚ್ಚಿಟ್ಟಿದ್ದಾರೆ, ಕ್ಲೇಮು ಇಲ್ಲ, ಪಾಲಿಸಿಯೂ ರದ್ದು ಎಂದು ಕಾಗದ ಬಂತು. ಆ ವಯಸ್ಸಿಗೆ, ಆ ಹೃದಯಕ್ಕೆ ಇನ್ನು ಯಾವ ಕಂಪನಿಯೂ ಹೊಸ ಪಾಲಿಸಿ ಕೊಡುವುದಿಲ್ಲ. ಅಷ್ಟು ದೊಡ್ಡ ಆಪರೇಷನ್ನು ಪಿಂಚಣಿಯಲ್ಲಿ ಆಗುವ ಮಾತೂ ಅಲ್ಲ.

ಮೇಷ್ಟ್ರು ಬಸ್ಸು ಹತ್ತಿ ನೇರ ನಂಜನಗೂಡಿಗೆ ಬಂದರು. ಅವತ್ತು ಜುಬ್ಬಕ್ಕೆ ಇಸ್ತ್ರಿ ಇರಲಿಲ್ಲ. ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಉದ್ದೇಶಪೂರ್ವಕವಾಗಿ ಮರೆಮಾಚಿದ್ದಾರೆ" ಎಂದಿತ್ತು.

"ಏನಮ್ಮ ಇದು? ಸುಳ್ಳು ಹೇಳಿದ ಹುಡುಗರನ್ನ ಬೆಂಚಿನ ಮೇಲೆ ನಿಲ್ಸಿದೋನು ನಾನು. ಈಗ ನನ್ನೇ ನಿಲ್ಸಿದ್ದೀರಲ್ಲ."

"ಮೇಷ್ಟ್ರೇ, ಅಮ್ಮನೋರಿಗೆ ಮೊದಲೇ ಕಾಯಿಲೆ ಇತ್ತಾ?"

"ಇತ್ತು. ನೀವು ಕೇಳಿದ್ರಾ?"

ನಾನು ಕೇಳಿರಲಿಲ್ಲ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲಮ್ಮ" ಎಂದು ಎದ್ದು ಹೋದರು. ಆ ಭಾನುವಾರ ನಾನೇ ಅವರ ಮನೆಗೆ ಹೋದೆ.

ಕಬಿನಿ ಕಾವೇರಿ ಸೇರುವ ಕಡೆಗೆ ಹೋಗುವ ದಾರಿಯಲ್ಲಿ ಅವರ ಮನೆ. ನೀಲಮ್ಮ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸುತ್ತಾರೆ ಎಂದುಕೊಂಡಿದ್ದೆ. "ಬಾರವ್ವ, ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ" ಎಂದರು. ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟೆ. "ಅಮ್ಮ, ಅವತ್ತು ನಾನು ಕೇಳ್ಲಿಲ್ಲ, ನಿಜ. ನೀವಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ?" ಎಂದೆ. ತಪ್ಪು ನನ್ನದಾದರೂ ಅರ್ಧ ಅವರ ತಲೆಗೆ ಕಟ್ಟುವ ಆಸೆ ಇತ್ತಲ್ಲ ನನಗೆ.

"ಎಂಗವ್ವ ಏಳಾದು?" ಎಂದರು ನೀಲಮ್ಮ. "ಎದೆ ನೋವು ಬಂದಾಗ ನಂಜುಂಡಪ್ಪನ್ಗೆ ಅರಕೆ ಕಟ್ಕಂಡಿದ್ದೆ. ಉಷಾರಾದೆ. ಉರುಳು ಸೇವೆ ಮಾಡಿ ತೀರಿಸ್ಬುಟ್ಟು ಬಂದೆ. ಅರಕೆ ತೀರಿಸಿದ್ ಮೇಲೆ ಆ ಕಾಯ್ಲೆ ಎಸ್ರು ಎತ್ತಬಾರ್ದು ಅಂತ ನಮ್ಮತ್ತೆ ಏಳೋರು. ಎತ್ತುದ್ರೆ ಸ್ವಾಮಿ ಮೇಲೆ ನಂಬ್ಕೆ ಇಲ್ಲ ಅಂದಂಗಾಯ್ತದೆ."

"ಮತ್ತೆ ಮಾತ್ರೆ ತಗೋತಿದ್ರಲ್ಲಮ್ಮ?"

ನೀಲಮ್ಮ ನಿಧಾನವಾಗಿ ಎದ್ದು ದೇವರ ಗೂಡಿನಿಂದ ಒಂದು ಹಿತ್ತಾಳೆ ಡಬ್ಬಿ ತಂದರು. ವಿಭೂತಿ ಡಬ್ಬಿ. ಮೇಲೆ ವಿಭೂತಿ ಗಟ್ಟಿ, ಅದರ ಕೆಳಗೆ ಮಾತ್ರೆಯ ಪಟ್ಟಿಗಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ತೀರ್ಥದ ಜೊತೆ ನುಂಗುತ್ತಾರಂತೆ.

"ಇದು ಮಾತ್ರೆ ಅಲ್ಲ ಕಣವ್ವ. ಪ್ರಸಾದ."

ನನಗೆ ಅಳು ಬಂತು. ಸುಳ್ಳು ಹೇಳುವ ಜಾತಿಯೇ ಅಲ್ಲ ಈ ದಂಪತಿ. ಮೇಷ್ಟ್ರು ಹೆಂಡತಿಯ ಹರಕೆಯ ಮಾತಿಗೆ ಅಡ್ಡ ಬರಬಾರದೆಂದು ಸುಮ್ಮನಿದ್ದರು, ಯಾರಾದರೂ ಕೇಳಿದ್ದರೆ ಮಾತ್ರ ಬೇರೆ ಕರೆದು ಹೇಳುತ್ತಿದ್ದರು. ಕೇಳಬೇಕಾಗಿದ್ದವಳು ನಾನು. ಪ್ರಸಾದ ತಿನ್ನುತ್ತಾ ಕೂತಿದ್ದೆ.

ಬಸ್ಸಿನಲ್ಲಿ ವಾಪಸ್ ಬರುವಾಗ ಪಾಲಿಸಿಯ ನಿಯಮಗಳ ಪುಸ್ತಕ ತೆಗೆದು ಓದಿದೆ. ಕೈಯಾರೆ ಎಷ್ಟೋ ಸಾರಿ ಹಂಚಿದ ಪುಸ್ತಕವನ್ನು ಅವತ್ತೇ ಪೂರ್ತಿ ಓದಿದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೊದಲೇ ಇರುವ ಕಾಯಿಲೆಯನ್ನು ಫಾರಂನಲ್ಲಿ ನಿಜವಾಗಿ ಬರೆದರೆ, ಆ ಕಾಯಿಲೆಗೆ ನಾಲ್ಕು ವರ್ಷ ಕಾಯಬೇಕು, ಆಮೇಲೆ ಕಂಪನಿ ಖರ್ಚು ಕೊಡಬೇಕು. ಆಗಿನ ನಿಯಮ ಅದು, ಈಗ ಕಾಯುವ ಅವಧಿ ಕಡಿಮೆಯಾಗಿದೆ. ನೀಲಮ್ಮನವರ ಪಾಲಿಸಿ ಐದನೇ ವರ್ಷದಲ್ಲಿತ್ತು. ನಾನು 'ಇದೆ' ಎಂದು ಬರೆದಿದ್ದರೆ ಅವರು ಕಾಯುವ ಕಾಲವನ್ನು ಆಗಲೇ ಕಾದು ಮುಗಿಸಿರುತ್ತಿದ್ದರು. ನಿಜ ಅವರನ್ನು ಉಳಿಸುತ್ತಿತ್ತು. ನನ್ನ ಚುರುಕು ಕೈಯ ಒಂದು 'ಇಲ್ಲ' ಅವರನ್ನು ಹೊರಗೆ ಹಾಕಿತ್ತು.

ಮಾರನೆಯ ದಿನ ಒಂದು ಪತ್ರ ಬರೆದೆ. ಈ ಫಾರಂ ತುಂಬಿದವಳು ನಾನು, ಕಾಯಿಲೆಯ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ, ಅರ್ಜಿದಾರರು ಏನನ್ನೂ ಮರೆಮಾಚಿಲ್ಲ, ನಿಜ ಬರೆದಿದ್ದರೂ ಕಾಯುವ ಅವಧಿ ಈಗ ಮುಗಿದಿರುತ್ತಿತ್ತು. ಇಷ್ಟೇ. ಬೆಂಗಳೂರಿನಲ್ಲಿ ವಿಮೆಯ ತಕರಾರು ಕೇಳುವ ಅಧಿಕಾರಿಗೆ ಮೇಷ್ಟ್ರು ಕೊಡುವ ಅರ್ಜಿಯ ಜೊತೆ ಇದು ಹೋಗಬೇಕಾಗಿತ್ತು. ಕದ್ದು ಕಳಿಸುವುದು ಬೇಡವೆಂದು ಮೊದಲು ಶ್ರೀನಿವಾಸಯ್ಯನವರ ಮುಂದಿಟ್ಟೆ. ಓದಿದವರ ಮುಖ ಬಿಳಿಚಿಕೊಂಡಿತು.

"ಇದು ನಿನ್ನ ಕುತ್ತಿಗೆಗೇ ಬರುತ್ತಮ್ಮ."

"ಬರಲಿ ಸಾರ್. ಅಮ್ಮನೋರ ಪ್ರಾಣಕ್ಕೆ ಬಂದಿದೆ."

"ನನ್ನ ಕುತ್ತಿಗೆಗೂ ಬರುತ್ತೆ" ಎಂದರು. ಹರಿದು ಹಾಕುತ್ತಾರೆ ಎಂದೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ಒಂದು ಸಾಲು ಸೇರಿಸಿದರು: 'ಈ ಶಾಖೆಯಲ್ಲಿ ಫಾರಂಗಳನ್ನು ಹೀಗೆ ತುಂಬುವ ಪದ್ಧತಿ ಇತ್ತು, ಕಲಿಸಿದವನು ನಾನು.' ಅದರ ಕೆಳಗೆ ತಮ್ಮ ಸಹಿ, ಮೊಹರು. ನನ್ನ ಕೆಲಸದ ಇಷ್ಟು ವರ್ಷಗಳಲ್ಲಿ ಅನೇಕ ಧೈರ್ಯಶಾಲಿ ಮೇಲಧಿಕಾರಿಗಳನ್ನು ಕಂಡಿದ್ದೇನೆ. ಫೋನು ಬಂದರೆ ಎದ್ದು ನಿಲ್ಲುತ್ತಿದ್ದ ಆ ಭಯಸ್ಥನಷ್ಟು ಧೈರ್ಯ ಇನ್ನೊಬ್ಬರಲ್ಲಿ ಕಾಣಲಿಲ್ಲ.

ವಿಚಾರಣೆ ನಡೆಯಿತು. ಡಾಕ್ಟರು ಕೊಟ್ಟಿದ್ದ ಗಡುವಿಗೆ ಇನ್ನು ಮೂರು ವಾರ ಇದೆ ಎನ್ನುವಾಗ ಆದೇಶ ಬಂತು. ಪಾಲಿಸಿ ಮತ್ತೆ ಜೀವಂತ, ಕ್ಲೇಮು ಮಂಜೂರು, 'ಮರೆಮಾಚಿದ್ದಾರೆ' ಎಂಬ ಮಾತು ದಾಖಲೆಯಿಂದ ವಾಪಸ್. ನಾನು ಕಾಗದ ಹಿಡಿದು ನರಸೀಪುರಕ್ಕೆ ಓಡಿದೆ. ಮೇಷ್ಟ್ರು ಹಣದ ಸಾಲನ್ನು ಬಿಟ್ಟು ಕೊನೆಯ ಸಾಲನ್ನು ಎರಡು ಸಾರಿ ಗಟ್ಟಿಯಾಗಿ ಓದಿದರು, ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ನೀಲಮ್ಮನವರಿಗೆ ಹೊಸ ಕವಾಟ ಬಂತು. ನಮಗಿಬ್ಬರಿಗೂ ಮೆಮೊ ಬಂತು. ನನ್ನನ್ನು ಶಿಕ್ಷೆಯೆಂದು ಟಿ. ನರಸೀಪುರದ ಒಂದು ಕೋಣೆಯ ಕಚೇರಿಗೆ ಹಾಕಿದರು.

ಅದು ಶಿಕ್ಷೆಯೆಂದು ಮೇಲಿನವರಿಗೆ ಮಾತ್ರ ಅನ್ನಿಸಿತು. ಅಲ್ಲಿ ನನ್ನ ಮೇಲೆ ಯಾರೂ ಇರಲಿಲ್ಲ. ನಾನು ನನ್ನದೇ ಪದ್ಧತಿ ಮಾಡಿಕೊಂಡೆ. ಮೈಸೂರಿನ ಡಾಕ್ಟರು ನೀಲಮ್ಮನವರನ್ನು ಕೇಳಿದ್ದನ್ನೇ ಕೇಳುವುದು. ಕಾಯಿಲೆ ಇದೆಯಾ ಎಂದು ಕೇಳಿದರೆ ನಮ್ಮ ಜನ ಇಲ್ಲ ಅನ್ನುತ್ತಾರೆ. ಮಾತ್ರೆಯಲ್ಲಿ ಹತೋಟಿಗೆ ಬಂದ ಬಿಪಿ ಅವರ ಲೆಕ್ಕದಲ್ಲಿ ಬಿಪಿಯೇ ಅಲ್ಲ. "ಏನು ನುಂಗ್ತೀರಿ?" ಎಂದರೆ ತೋರಿಸುತ್ತಾರೆ. ಆದ್ದರಿಂದ ಮನೆಯಲ್ಲಿರುವ ಮಾತ್ರೆಯನ್ನೆಲ್ಲ ತಂದು ನನ್ನ ಮೇಜಿನ ಮೇಲೆ ಸುರಿಯದೆ ನಾನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ ಎಂದುಬಿಟ್ಟೆ. ಎಲೆಅಡಿಕೆ ಚೀಲದಲ್ಲಿ, ಹಳೇ ಕನ್ನಡಕದ ಡಬ್ಬಿಯಲ್ಲಿ, ಸೀರೆಯ ಸೆರಗಿನ ಗಂಟಿನಲ್ಲಿ ಮಾತ್ರೆ ಬಂದವು. ಬದನವಾಳಿನಲ್ಲಿ ಖಾದಿ ನೂಲುತ್ತಿದ್ದ ಒಬ್ಬ ಅಜ್ಜಿ ನೂಲಿನ ಲಡಿಯೊಳಗೆ ಸುತ್ತಿಕೊಂಡು ತಂದಿದ್ದರು.

ಇದಕ್ಕೆ ನನ್ನ ಬಲಗೈ ಯಾರು ಗೊತ್ತೇ? ಗುರುಮಲ್ಲಪ್ಪ ಮೇಷ್ಟ್ರೇ. ನಿವೃತ್ತರಾಗುವ ಮೇಷ್ಟ್ರುಗಳನ್ನೆಲ್ಲ ಹಿಡಿದು ತರುತ್ತಿದ್ದರು. ಐವತ್ತೆಂಟು ಅರವತ್ತರ ಹಿರಿಯರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, "ಸುರೀರಯ್ಯ ಡಬ್ಬಿ! ರತ್ನಮ್ಮನ ಹತ್ರ ನಾಟಕ ಬೇಡ" ಎಂದು ಗದರುತ್ತಿದ್ದರು. ಅವರ ಹಳೇ ಶಿಷ್ಯರೇ ಕೆಲವರು, ತುಟಿಪಿಟಕ್ಕೆನ್ನದೆ ಜೇಬಿಗೆ ಕೈಹಾಕುತ್ತಿದ್ದರು.

ಸಿದ್ದಯ್ಯನ ವಿಷಯ ಹೇಳದೆ ಮುಂದೆ ಹೋಗಲಾರೆ. ತಗಡೂರು ಕಡೆಯವನು, ಬಸ್ ಡ್ರೈವರಾಗಿದ್ದವನು. ಪಾಲಿಸಿ ಮಾಡಿಸಿದ ಎರಡನೇ ತಿಂಗಳು ಔಷಧಿ ಅಂಗಡಿಯ ಚೀಟಿಗಳನ್ನೆಲ್ಲ ತಂದ.

"ಮೇಡಮ್ಮೋರೆ, ತಗಳಿ ಬಿಲ್ಲು. ದುಡ್ಡು ಯಾವತ್ತು ಬತ್ತದೆ?"

"ಇದು ಆಸ್ಪತ್ರೆಗೆ ಸೇರಿದ್ರೆ ಮಾತ್ರ ಸಿದ್ದಯ್ಯ. ಸೇರೋದಕ್ಕೆ ಮುಂಚೆ, ಬಿಡುಗಡೆ ಆದ ಮೇಲೆ ಸ್ವಲ್ಪ ದಿನದ ಮಾತ್ರೆಗೆ ಕೊಡ್ತದೆ. ತಿಂಗಳ ತಿಂಗಳ ಮಾತ್ರೆಗೆ ಇಲ್ಲ."

"ಅಂಗಾದ್ರೆ ದಿನಾ ನುಂಗೋನ್ಗೆ ಏನೂ ಇಲ್ಲ, ಒಂದ್ ದಪ ಆಸ್ಪತ್ರೇಲಿ ಬಿದ್ದೋನ್ಗೆ ಎಲ್ಲ! ಯಾವ ನ್ಯಾಯ ಇದು?"

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನಿವೃತ್ತರನ್ನು ಸಣ್ಣಗೆ ಅರೆಯುವುದು ಆಪರೇಷನ್ನಲ್ಲ, ದಿನದ ಮಾತ್ರೆ. ಹೊರರೋಗಿ ಖರ್ಚು ಕೊಡುವ ಪಾಲಿಸಿಗಳು ಈಗ ಕೆಲವು ಬಂದಿವೆ, ಆದರೆ ಕಟ್ಟುವ ಪ್ರೀಮಿಯಂಗೂ ಸಿಗುವ ಮಾತ್ರೆಗೂ ತಾಳೆ ಹಾಕಿ ನೋಡದೆ ಯಾರಿಗೂ ಮಾರಬೇಡಿ. ಅವತ್ತು ಮಾತ್ರ ಡಬ್ಬಿ ಸಿದ್ದಯ್ಯನ ಕೈಹಿಡಿಯಿತು. ಬಿಲ್ಲಿನ ಜೊತೆ ತಂದಿದ್ದ ಮಾತ್ರೆಗಳನ್ನು ಮತ್ತೊಮ್ಮೆ ಸುರಿದು ನೋಡುವಾಗ ಎರಡು ಪಟ್ಟಿಗಳ ಹೆಸರು ಬೇರೆ, ಬಣ್ಣ ಬೇರೆ, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಔಷಧಿಯ ಹೆಸರು ಒಂದೇ. ಒಂದು ಮೊದಲಿನಿಂದ ನಂಜನಗೂಡಿನ ಡಾಕ್ಟರು ಕೊಡುತ್ತಿದ್ದದ್ದು, ಇನ್ನೊಂದು ಪಾಲಿಸಿ ಆದ ಮೇಲೆ ಮೈಸೂರಿನವರು ಕೊಟ್ಟದ್ದು. ಒಬ್ಬರ ವಿಷಯ ಇನ್ನೊಬ್ಬರಿಗೆ ಇವನು ಹೇಳಿರಲಿಲ್ಲ. ನಾನು ವೈದ್ಯಳಲ್ಲ, ನಿಲ್ಲಿಸು ಅನ್ನುವ ಅಧಿಕಾರ ನನಗಿಲ್ಲ. "ಎರಡೂ ಹಿಡ್ಕೊಂಡು ಈಗಲೇ ಡಾಕ್ಟರ ಹತ್ರ ಹೋಗು" ಎಂದು ಅಟ್ಟಿದೆ. ಒಂದು ಪಟ್ಟಿ ನಿಂತಿತು, ಅವನನ್ನು ಕಾಡುತ್ತಿದ್ದ ತಲೆಸುತ್ತೂ ನಿಂತಿತು. ಉಳಿದವನ್ನು ಕಡಿಮೆ ಬೆಲೆಯ ಜನರಿಕ್ ಅಂಗಡಿಯಲ್ಲಿ ಕೊಳ್ಳಲು ಶುರುಮಾಡಿದ. "ನಿಮ್ ಪಾಲಿಸಿಗಿಂತ ನೀವೇ ವಾಸಿ ಕಣ್ರೀ ಮೇಡಮ್ಮೋರೆ" ಎಂದು ಹೋದ.

ಇನ್ನೊಂದು ತಪ್ಪು ಈಗ ಹೆಚ್ಚಾಗಿದೆ. ಟಾಪ್‌ಅಪ್ ಪಾಲಿಸಿ, ಅಂದರೆ ಖರ್ಚು ಒಂದು ಮಿತಿ ದಾಟಿದ ಮೇಲೆ ಮಾತ್ರ ಕೊಡುವ ಪಾಲಿಸಿ, ಸಸ್ತಾ ಎಂದು ಅದೊಂದನ್ನೇ ಮಾಡಿಸುವುದು. ಮೇಲಿನ ತೊಟ್ಟಿ ತುಂಬಿ ಹರಿದರೆ ಹಿಡಿಯಲು ಕೆಳಗೆ ಇಟ್ಟ ಕೊಡ ಅದು. ಮೇಲಿನ ತೊಟ್ಟಿಯೇ ಇಲ್ಲದಿದ್ದರೆ ಆ ಮೊದಲ ನೀರನ್ನೆಲ್ಲ ನೀವೇ ಹೊರಬೇಕು. ಮೂಲ ಪಾಲಿಸಿ ಮೊದಲು, ಟಾಪ್‌ಅಪ್ ಆಮೇಲೆ. ಇದನ್ನು ತಿಳಿಸದೆ ಮಾರಿದ ಒಬ್ಬನನ್ನು ನಾನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದೇನೆ. ಅವನು ಈಗ ಒಳ್ಳೆಯ ಏಜೆಂಟು.

ಆಮೇಲೆ ಕಾಗದ ಹೋಯಿತು, ಕಂಪ್ಯೂಟರು ಬಂತು, ಈಗ ಎಲ್ಲ ಫೋನಿನಲ್ಲಿ. ನಾನು ನೋಡಿದ ಒಂದು ಪರದೆಯಲ್ಲಂತೂ ಕಾಯಿಲೆಯ ಖಾನೆಗಳಲ್ಲೆಲ್ಲ ಮೊದಲೇ 'ಇಲ್ಲ' ಎಂದು ತುಂಬಿತ್ತು. ನನ್ನ ಹಳೇ ಚುರುಕು ಕೈಯನ್ನು ಯಾರೋ ಯಂತ್ರ ಮಾಡಿಟ್ಟ ಹಾಗಿತ್ತು.

ನನ್ನ ನಿವೃತ್ತಿಯೂ ಬಂತು. ನಿವೃತ್ತಿಯ ನಂತರವೂ ಕಂಪನಿ ನಮಗೆ ಕೊಡುವ ವಿಮೆಯ ಜೊತೆಗೆ ಒಂದು ಟಾಪ್‌ಅಪ್ ಬೇಕೆನ್ನಿಸಿತು. ತನ್ನ ಫಾರಂ ತಾನೇ ತುಂಬಬಾರದು ಎಂಬುದು ನನ್ನದೇ ನಿಯಮ. ಫಾರಂ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಆಗಲೇ ಎಂಬತ್ತರ ಹತ್ತಿರ. ಅದೇ ಜಗುಲಿ, ಅದೇ ಮಜ್ಜಿಗೆ. ಹೊಸ ಕವಾಟದ ನೀಲಮ್ಮ ನನಗಿಂತ ಚುರುಕಾಗಿ ಒಳಗೆ ಹೊರಗೆ ಓಡಾಡುತ್ತಿದ್ದರು.

ಮೇಷ್ಟ್ರು ಒಂದೊಂದೇ ಪ್ರಶ್ನೆಯನ್ನು ಬಿಡಿಸಿ ಓದಿದರು. ಹೆಸರು, ಹುಟ್ಟಿದ ದಿನ, ವಿಳಾಸ. ಆಮೇಲೆ, "ರಕ್ತದೊತ್ತಡ ಇದೆಯೇನಮ್ಮ?"

"ಇಲ್ಲ ಮೇಷ್ಟ್ರೇ."

ನಾಲಿಗೆ ತಾನಾಗಿ ಹೇಳಿಬಿಟ್ಟಿತ್ತು. ಎರಡು ವರ್ಷದಿಂದ ನಾನು ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗುತ್ತಿದ್ದೆ. ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪ್ರೀಮಿಯಂ ಜಾಸ್ತಿಯಾದೀತೆಂಬ ಭಯವಲ್ಲ ಅದು. ಕಾಗದದ ಮೇಲೆ ಬರೆದರೆ ನಾನು ನಿಜವಾಗಿ ರೋಗಿಯಾಗಿಬಿಡುತ್ತೇನೆ ಎಂಬ ಭಯ. ಹರಕೆ ಕಟ್ಟದೆಯೂ ನಾನು ಕಾಯಿಲೆಯ ಹೆಸರೆತ್ತಲು ಹೆದರಿದ್ದೆ. ನೀಲಮ್ಮ ಅಂದು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆ ಗಳಿಗೆಯಲ್ಲಿ.

ಮೇಷ್ಟ್ರು ಪೆನ್ನು ಊರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ನೀಲಮ್ಮ ಹತ್ತಿರ ಬಂದು ಕೂತು ನನ್ನ ಮೊಣಕೈ ಹಿಡಿದರು.

"ಡಬ್ಬಿ ತಂದಿದ್ದೀಯೇನವ್ವ?"

ನಾನು ಕೈಚೀಲದ ಒಳಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಅವರ ಮಡಿಲಲ್ಲಿಟ್ಟೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಕರಿಹಲಗೆಯ ಮೇಲೆ ಬರೆಯುವಂಥ ದುಂಡು ಅಕ್ಷರದಲ್ಲಿ 'ಇದೆ' ಎಂದು ಬರೆದರು. ಆಮೇಲೆ ಫಾರಂ ನನ್ನ ಕಡೆ ತಿರುಗಿಸಿ, "ಪೂರ್ತಿ ಓದಿ ಸಹಿ ಹಾಕಮ್ಮ" ಎಂದರು.

ಓದಿದೆ. ಪೂರ್ತಿ ಓದಿ ಸಹಿ ಹಾಕಿದೆ.